ದೋಣಿಗೊಂದು ಬಚ್ಚಲ ಅಚ್ಚು

ಫೈಬರ್ ಬಾಗಿಲು, ಫೈಬರ್ ಟಬ್ಬು ಮಾಡುವುದರಲ್ಲಿ ಇಡೀ ಸಿಂಧನೂರಿನಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ! ಯಾಕೆಂದರೆ ತೊಂಬತ್ತಮೂರರಲ್ಲಿ ಆ ಕೆಲಸ ಮಾಡುತ್ತಿದ್ದವನು ನಾನೊಬ್ಬನೇ. ಹಾಗಾಗಿ, ಲಿಂಗಸುಗೂರು ಕಡೆ ಕೃಷ್ಣೆಯಲ್ಲಿ ಜನರನ್ನು ದಾಟಿಸುವ ನನ್ನ ಮಾವ ಗಿಡ್ಡಪ್ಪನ ಫೈಬರ್ ದೋಣಿಯ ಅಟ್ಟ ಸವೆದು ಸೀಳುಬಿಟ್ಟಾಗ ನಾನು ಘೋಷಿಸಿಬಿಟ್ಟೆ: "ಭೂಮಂಡಲದಲ್ಲೇ ಜಾರದಂಥ ಅಟ್ಟ ಹಾಕಿಕೊಡುತ್ತೇನೆ!"

ಅಟ್ಟವೆಂದರೆ ಜನ ಕಾಲಿಟ್ಟು ಹತ್ತುವ ಮುಂಭಾಗ. ಎರಡು ವರ್ಷದ ಹಿಂದೆ ಅಲ್ಲಿಯೇ ಕಾಲು ಜಾರಿ ಮಾವನ ಒಬ್ಬನೇ ಮಗ ಪಂಪಣ್ಣ ಹೊಳೆಗೆ ಬಿದ್ದಿದ್ದ. ಹೊಳೆ ತುಂಬಿತ್ತು. ಹೆಣವೂ ಸಿಗಲಿಲ್ಲ. ಈಗ ಅಪ್ಪನೂ ಜಾರಿದರೆ ಏನು ಗತಿ ಎಂದು ನನ್ನ ಹೆಂಡತಿ ಸೂಗಮ್ಮನಿಗೆ ಊಟ ಸೇರುತ್ತಿರಲಿಲ್ಲ.

"ಹ್ಯಾಂಗ ಮಾಡ್ತೀರಿ?" ಎಂದಳು.

"ಸಿಲಿಕೋನ್ ರಬ್ಬರ್! ಹೈದರಾಬಾದಿಂದ ತರಿಸೀನಿ. ಒರಟು ನೆಲದ ಮ್ಯಾಲೆ ಹೊಯ್ದ್ರ ಅಚ್ಚು ಬರ್ತೈತಿ. ಅದನ್ನ ಹಸಿ ಫೈಬರ್ ಮ್ಯಾಲೆ ಒತ್ತಿದ್ರ ಅದೇ ಒರಟು ದೋಣ್ಯಾಗ! ಇರುವಿ ನಡದಿದ್ರ ಇರುವಿ ಹೆಜ್ಜಿ ಸೈತ ಬರ್ತೈತಿ!"

"ಮದ್ಲ ಅಟ್ಟ ಬರ್ಲಿ. ಇರುವಿ ಆಮ್ಯಾಲೆ ಬರ್ಲಿ."

ರಬ್ಬರ್ ಕಲಸಲು ಅವಳು ರೊಟ್ಟಿ ಹಿಟ್ಟು ನಾದುವ ಪರಾತವೇ ಬೇಕಾಯಿತು. ಅದರ ಕಥೆ ಬೇಡ ಬಿಡಿ. ಎರಡು ದಿನ ನಮ್ಮ ಮನೆಯಲ್ಲಿ ರೊಟ್ಟಿಯಿಲ್ಲ, ಮಾತೂ ಇಲ್ಲ!

ದೋಣಿಯ ಅಟ್ಟ ಪೂರ್ತಿ ನುಣುಪಾಗಿತ್ತು. ಅಚ್ಚು ತೆಗೆಯಲು ಒರಟು ಜಾಗ ಎಲ್ಲಿಂದ ತರಲಿ? ಮಾವನ ಮನೆಯ ಬಚ್ಚಲು ನೆನಪಾಯಿತು. ಸಿಮೆಂಟು ಹಸಿಯಿದ್ದಾಗಲೇ ಹಗ್ಗ ಒತ್ತಿ ಚೌಕಳಿ ಗೆರೆ ಹಾಕಿದ ನೆಲ ಅದು. ಸೋಪು ಸುರಿದರೂ ಯಾರೂ ಜಾರುವುದಿಲ್ಲ. ಕಿಟಕಿಯಿಲ್ಲದ ಬಚ್ಚಲ ಕತ್ತಲಲ್ಲೇ, ವರ್ಷಗಟ್ಟಲೆ ಕೂತ ಪಾಚಿ, ಸುಣ್ಣ ಎಲ್ಲ ಹೋಗುವಂತೆ ತಿಕ್ಕಿ ತೊಳೆದೆ. ಎಣ್ಣೆ ಸವರಿ ರಬ್ಬರ್ ಹೊಯ್ದೆ. ಅಚ್ಚು ಕಿತ್ತಾಗ ಒಂದು ಕಡೆ ಉಬ್ಬು ಕಂಡಿತು. ಗುಳ್ಳೆ ಎದ್ದಿರಬೇಕೆಂದುಕೊಂಡು ಸುತ್ತಿ ಬಗಲಲ್ಲಿಟ್ಟುಕೊಂಡು ಹೊಳೆಗೆ ನಡೆದೆ. ನನ್ನಂಥ ಪಂಡಿತನಿಗೆ ಗುಳ್ಳೆಯನ್ನು ನೋಡುತ್ತ ಕೂರಲು ಪುರುಸೊತ್ತು ಎಲ್ಲಿದೆ!

ಸೀಳನ್ನು ಮುಚ್ಚಿ, ಕರಿ ಬಣ್ಣದ ಫೈಬರ್ ಬಳಿದು, ಅಚ್ಚು ಒತ್ತಿದೆ. ಮರುದಿನ ನಸುಕಿನ ಕತ್ತಲಲ್ಲೇ ಅಚ್ಚು ಕಿತ್ತು, ಮಾವ, ಸೂಗಮ್ಮ ಎಲ್ಲ ಸೇರಿ ತೆಂಗಿನಕಾಯಿ ಒಡೆದದ್ದಾಯಿತು. ಕೋಳಿ ಬುಟ್ಟಿ ಹೊತ್ತ ಇಮಾಮ್‌ಬೀ ಮೊದಲು ಹತ್ತಲು ಬಂದವಳು ಅಲ್ಲಿಯೇ ನಿಂತಳು.

"ಗಿಡ್ಡಪ್ಪಣ್ಣ, ಹಸಿ ಇದ್ದಾಗ ಯಾರೋ ಕಾಲಿಟ್ಟಾರ ನೋಡು!"

"ಯಾವನಿಗೆ ಅಷ್ಟು ಧೈರ್ಯ?" ಎಂದು ಗುಡುಗುತ್ತ ಬಗ್ಗಿ ನೋಡಿದೆ. ಎಳೆ ಬಿಸಿಲಿನಲ್ಲಿ ಎಡಗಾಲಿನ ಹೆಜ್ಜೆ ಎದ್ದು ಕಾಣುತ್ತಿತ್ತು. ಹೆಬ್ಬೆರಳು ಅರ್ಧವೇ ಇತ್ತು. ಆ ಇನ್ನರ್ಧವನ್ನು ಚಿಕ್ಕಂದಿನಲ್ಲಿ ದೋಣಿಯ ಹಗ್ಗ ತಿಂದಿತ್ತು ಎಂಬುದು ದಂಡೆಯ ಜನಕ್ಕೆಲ್ಲ ಗೊತ್ತು.

ಸೂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಅಣ್ಣಂದು... ಬಚ್ಚಲಕ್ಕ ಸಿಮಿಟು ಹಾಕಿದ ದಿನ ತುಳದು ಅವ್ವನ ಕೈಲೆ ಬೈಸಿಕೊಂಡಿದ್ದ."

ಪಾಚಿಯ ಕೆಳಗೆ ಇಷ್ಟು ವರ್ಷ ಮಲಗಿದ್ದ ಹೆಜ್ಜೆಯನ್ನು ನಾನೇ ತಿಕ್ಕಿ ಎಬ್ಬಿಸಿ, ಅವನು ಸತ್ತ ಜಾಗಕ್ಕೇ ತಂದು ನಿಲ್ಲಿಸಿದ್ದೆ.

ಇಮಾಮ್‌ಬೀ ಕೋಳಿ ಸಮೇತ ಓಡಿದಳು. ಪಂಪಣ್ಣ ದೋಣಿ ಹತ್ಯಾನಂತೆ ಎಂಬ ಸುದ್ದಿ ಮಧ್ಯಾಹ್ನದ ಬಸ್ಸಿನಲ್ಲಿ ಹೋಯಿತು. ಅದು ಮಸ್ಕಿ ಮುಟ್ಟುವಷ್ಟರಲ್ಲಿ ಪಂಪಣ್ಣ ಒದ್ದೆ ಬಟ್ಟೆಯಲ್ಲೇ ಬಂದು ಬೀಡಿ ಕೇಳಿದ್ದನಂತೆ! ಮಾವನ ದೋಣಿಗೆ ಒಂದು ನರಪಿಳ್ಳೆಯೂ ಹತ್ತಲಿಲ್ಲ.

"ಮಾವ, ಅರ ತಂದೀನಿ. ಒಂದ್ ಗಳಿಗ್ಯಾಗ ಉಜ್ಜಿ ತಗೀತೀನಿ."

ಮಾವ ಆ ಹೆಜ್ಜೆಯ ಮೇಲೆ ಅಂಗೈ ಇಟ್ಟು ಕೂತುಬಿಟ್ಟ.

"ಮುಟ್ಟಿದಿ ಅಂದ್ರ ಕೈ ಮುರೀತೀನಿ ಲೇ."

ವಾರ ಕಳೆದ ಮೇಲೆ, ಬೇರೆ ದಾರಿಯಿಲ್ಲದೆ ಜನ ಮತ್ತೆ ಬಂದರು. ಆದರೆ ಮಾವ ಅಟ್ಟದ ಮೇಲೆ ಯಾರಿಗೂ ಕಾಲಿಡಲು ಬಿಡಲಿಲ್ಲ. ಎಲ್ಲರೂ ಹಿಂದಿನ ನುಣುಪು ಅಂಚಿನಿಂದ ಹತ್ತಬೇಕು, ಮಾವನೂ ಅಷ್ಟೇ. ಭೂಮಂಡಲದಲ್ಲೇ ಜಾರದ ಅಟ್ಟ ಮುಂದೆ ಬಿಸಿಲು ಕಾಯುತ್ತಿತ್ತು. ಒಂದು ದಿನ ನನ್ನ ಕಣ್ಣೆದುರೇ ಮಾವ ಹಿಂದಿನಿಂದ ಹತ್ತಲು ಹೋಗಿ ಜಾರಿ, ಎದೆಮಟ್ಟದ ನೀರಿಗೆ ಬಿದ್ದ. ಸೂಗಮ್ಮ ಕಿರುಚಿದಳು. ಹಾರಿ ಹಿಡಿದು ಎಳೆದೆ. ಮುದುಕ ಗಡಗಡ ನಡುಗುತ್ತಿದ್ದ.

ನನಗೆ ಅಳು ಬಂತು. "ಮಾವ, ನಿನ್ನ ಕಾಲಿಗೆ ಬೀಳ್ತೀನಿ, ಮುಂದಿಂದ ಹತ್ತು. ಅಲ್ಲಿ ಜಾರಂಗಿಲ್ಲ."

"ಅಲ್ಲಿ ಅಂವ ನಿಂತಾನಲ್ಲಲೇ. ಹ್ಯಾಂಗ ತುಳೀಲಿ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಅದು ಬರೀ ರಬ್ಬರಿನ ಅಚ್ಚು ಮಾವ."

ಮಾವ ಮುಖದ ನೀರು ಒರೆಸಿಕೊಂಡ.

"ನಿನ್ನ ರಬ್ಬರು ಚಲೋ ಐತಿ ಅಳಿಯಾ. ರಾಯಚೂರು ಮಟ ದಂಡಿ ಹಿಡದು ಹುಡುಕಿದ್ರೂ ನನಗ ಏನೂ ಸಿಗಲಿಲ್ಲ. ನೀ ಒಂದು ಕಾಲು ತಂದುಕೊಟ್ಟಿ. ಉಳದದ್ದು ಯಾವಾಗ ತರ್ತಿ?"