ಅಮೃತದ ಕೊಡ ಮತ್ತು ಒಂದು ಬಿಸಿ ಒಬ್ಬಟ್ಟು

ನನ್ನ ಕೈ ಸಣ್ಣದಂತೆ!

ಈ ಮಾತನ್ನು ಬೇರೆ ಯಾರಾದರೂ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅಂದವರು ನಮ್ಮ ಮಹಡಿ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ ಕಮಲಾಕ್ಷಮ್ಮ. ಅಂದದ್ದು ನಮ್ಮದೇ ಮನೆಯ ಸತ್ಯನಾರಾಯಣ ಪೂಜೆಯ ದಿನ, ನಾನೇ ಬಡಿಸಿದ ಒಬ್ಬಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಹೋಳಿಗಿ ಭಾಳ ಛಲೋ ಆಗ್ಯಾವ. ಆದ್ರ ನಿಮ್ಮ ಬೆಂಗಳೂರಾಗ ಬಡಿಸೋ ಕೈ ಸ್ವಲ್ಪ ಸಣ್ಣದು ನೋಡ್ರಿ. ನಮ್ಮ ಗದಗಿನ ಕಡೆ ಹಿಂಗ ಒಂದೊಂದು ಹಾಕೂದಿಲ್ಲ. ನಾಕು ಹಾಕಿ, ಮ್ಯಾಲ ತುಪ್ಪ ಸುರದುಬಿಡ್ತೀವಿ."

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನನ್ನ ಕೈಹಿಡಿದ ಪತಿದೇವರಾದ ಪುರುಷೋತ್ತಮ ಅವರು. (ಅದೇ ಸಣ್ಣ ಕೈಯನ್ನು ಅಗ್ನಿಸಾಕ್ಷಿಯಾಗಿ ಹಿಡಿದವರು.)

ನೀವೇ ಹೇಳಿ, ಈ ಅನಂತಲಕ್ಷ್ಮಿಯ ಹೊಟ್ಟೆ ಉರಿಯುವುದಿಲ್ಲವೇ? ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ನಾಮಕರಣವಾಗಲಿ ಗೃಹಪ್ರವೇಶವಾಗಲಿ, ಸೌಟು ಹಿಡಿಯಲು ನನ್ನನ್ನೇ ಕರೆಯುತ್ತಾರೆ. ಯಾರ ಎಲೆಯಲ್ಲಿ ಪಲ್ಯ ಮುಗಿದಿದೆ, ಯಾರು ಅನ್ನದಲ್ಲಿ ಗುಳಿ ಮಾಡಿಕೊಂಡು ಸಾರಿಗೆ ಕಾಯುತ್ತಿದ್ದಾರೆ, ಪಂಕ್ತಿಯ ಈ ತುದಿಯಲ್ಲಿ ನಿಂತು ಆ ತುದಿಯದನ್ನು ಹೇಳಬಲ್ಲೆ. ಪಂಕ್ತಿಭೇದ ಮಾಡಿದವಳಲ್ಲ. ಯಾರಾದರೂ "ಸಾಕು" ಅಂದರೆ ಇನ್ನೊಂದು ಸೌಟು ಹಾಕಬೇಕು ಎಂದು ಅರ್ಥ. ಎರಡೂ ಕೈ ಎಲೆಗೆ ಅಡ್ಡ ಹಿಡಿದು "ಸಾಕು ಸಾಕು" ಅಂದರೆ ಎರಡು ಸೌಟು. ಮೊದಲ ಸಲ ಸಾಕು ಅಂದ ಕೂಡಲೇ ಮುಂದಕ್ಕೆ ಹೋಗಿಬಿಟ್ಟರೆ ಅದು ಬಡಿಸುವುದಲ್ಲ, ಬಸ್ಸಿನಲ್ಲಿ ಟಿಕೆಟ್ ಕೊಡುವುದು.

ಇಷ್ಟೆಲ್ಲ ಬಡಿಸಿದವಳ ಗತಿ ಮಾತ್ರ ಕೇಳಬೇಡಿ. ಎಲ್ಲರದೂ ಆದ ಮೇಲೆ ತಣ್ಣಗಾದ, ಅಂಚು ಮುರಿದ, ಹೂರಣ ಇಣುಕುವ ಒಂದು ಒಬ್ಬಟ್ಟು ನನ್ನ ಪಾಲಿಗೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಕಾವಲಿಯಿಂದ ನೇರವಾಗಿ ಎಲೆಗೆ ಬಿದ್ದ ಬಿಸಿ ಒಬ್ಬಟ್ಟನ್ನು ನಾನು ತಿಂದೇ ಇಲ್ಲ. ದುಃಖ ಹೇಳಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. (ಹೇಳಿಕೊಳ್ಳುತ್ತಲೇ ಇದ್ದೇನೆ.)

ಇನ್ನು ಯುದ್ಧಕಾಂಡ.

ನಮ್ಮ ಮಗಳು ದೀಪ್ತಿ ದಂತವೈದ್ಯೆ. ಹಗಲು ಕ್ಲಿನಿಕ್ಕಿನಲ್ಲಿ ಹಲ್ಲು ಕೀಳುತ್ತಾಳೆ, ಸಂಜೆ ಟೀವಿ ಮುಂದೆ ಕೂತು ರಾಕ್ಷಸರ ತಲೆ ತೆಗೆಯುತ್ತಾಳೆ. ಅದೊಂದು ಆನ್‌ಲೈನ್ ಆಟ. ಮೂರು ಮೂರು ಜನರ ತಂಡ, ಕೊನೆಗೆ ಯಾರ ಕಡೆಯವರು ಉಳಿಯುತ್ತಾರೋ ಅವರು ಗೆದ್ದರು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದ ನಮ್ಮವರೂ ಕತ್ತಿ ಹಿಡಿದು ಅವಳ ಜೊತೆ ಸೇರಿದ್ದರು. ಮೂರನೆಯವರಾಗಿ ಯಾರೋ ಅಪರಿಚಿತರು ಬರುತ್ತಿದ್ದರು, ನಮ್ಮವರ ಯುದ್ಧಕೌಶಲ ನೋಡಿ ಅರ್ಧದಲ್ಲೇ ಬಿಟ್ಟು ಓಡುತ್ತಿದ್ದರು.

ಒಂದು ಭಾನುವಾರ ನಾನು ಹುರುಳಿಕಾಯಿ ನಾರು ತೆಗೆಯುತ್ತಾ ನೋಡುತ್ತಿದ್ದೆ. ಪರದೆಯ ಮೂಲೆಯಲ್ಲಿ ಒಬ್ಬೊಬ್ಬರ ಹೆಸರಿನ ಕೆಳಗೂ ಒಂದು ಹಸಿರು ಗೆರೆ. ಏಟು ಬಿದ್ದ ಹಾಗೆ ಗೆರೆ ಕರಗಿ ಕೆಂಪಾಗುತ್ತದೆ. ನಮ್ಮವರ ಗೆರೆ ಚೋಟುದ್ದ ಆಗಿತ್ತು.

"ರೀ, ನಿಮ್ದು ಖಾಲಿ ಆಗ್ತಾ ಇದೆ, ನೋಡ್ಕೊಳ್ಳಿ!" ಅಂದೆ.

"ನೀನು ಹುರುಳಿಕಾಯಿ ನೋಡ್ಕೋ ಕಣೇ," ಅಂದರು. ಅಂದವರೇ ಸತ್ತರು.

ದೀಪ್ತಿ ನನ್ನ ಕಡೆ ತಿರುಗಿದಳು. ಅವಳ ಕಣ್ಣು ಮಿನುಗಿತು. "ಅಮ್ಮಾ, ಬಾ ಇಲ್ಲಿ. ನೀನು ಹೀಲರ್ ಆಗು!"

"ಹಂಗಂದ್ರೆ?"

"ಜೀವ ತುಂಬೋಳು. ಹೊಡಿಯೋದು ಬಡಿಯೋದು ಏನಿಲ್ಲ. ನಮ್ಮ ಹಿಂದೆ ಹಿಂದೆ ಬಂದು, ಯಾರ ಗೆರೆ ಕಮ್ಮಿ ಆಗತ್ತೋ ಅವರಿಗೆ ಹಾಕ್ತಾ ಇರೋದು, ಅಷ್ಟೇ."

"ಬಡಿಸೋದು ಅನ್ನು!"

ಕಂಟ್ರೋಲರ್ ಕೈಗೆ ಬಂತು. ಎಡ ಹೆಬ್ಬೆರಳಿನ ಗುಬುಟು ನಡೆಯಲಿಕ್ಕೆ, ಬಲ ಹೆಬ್ಬೆರಳಿನದು ನೋಡಲಿಕ್ಕೆ. ನಾನು ಎರಡನ್ನೂ ಒಟ್ಟಿಗೆ ಒತ್ತಿ, ಆಕಾಶ ನೋಡುತ್ತಾ ಗೋಡೆಗೆ ಹಣೆ ಹಚ್ಚಿಕೊಂಡು ನಡೆದೇ ನಡೆದೆ. ನಮ್ಮವರಿಗೆ ನಕ್ಕೂ ನಕ್ಕೂ ಕೆಮ್ಮು ಬಂತು. ಆದರೆ ತೋರುಬೆರಳಿನ ಕೆಳಗಿದ್ದ ಗುಂಡಿಯನ್ನು ಚಕ್ಕುಲಿ ಒರಳಿನ ಹಾಗೆ ಹದವಾಗಿ ಒತ್ತಿದೆ ನೋಡಿ, ನನ್ನ ಅಂಗೈಯಿಂದ ಹಸಿರು ಬೆಳಕು ಹೊರಟು ದೀಪ್ತಿಯ ಗೆರೆ ತುಂಬಿಬಿಟ್ಟಿತು. ಅಯ್ಯೋ, ಆ ಸಂತೋಷ ಹೇಗೆ ಹೇಳಲಿ! ಮನೆಯಲ್ಲಿ ಬಡಿಸಿದರೆ "ಉಪ್ಪು ಕಮ್ಮಿ" ಅನ್ನುತ್ತಾರೆ. ಇಲ್ಲಿ ಬಡಿಸಿದರೆ ಜನ ಎದ್ದು ಕುಣಿಯುತ್ತಾರೆ.

"ಇನ್ನೊಂದಿದೆ ಅಮ್ಮ. ಇದು ಅಮೃತದ ಕೊಡ," ಎಂದು ದೀಪ್ತಿ ಬೇರೊಂದು ಗುಂಡಿ ತೋರಿಸಿದಳು. "ಇದನ್ನ ಬಗ್ಗಿಸಿದ್ರೆ ನೆಲದ ಮೇಲೆ ಹಸಿರು ಹರಡತ್ತೆ. ಅದರೊಳಗೆ ನಿಂತೋರಿಗೆಲ್ಲ ಪೂರ್ತಿ ಜೀವ ಬರತ್ತೆ. ಆದ್ರೆ ಹುಷಾರು, ಶತ್ರು ನಿಂತಿದ್ರೆ ಅವನಿಗೂ ಬರತ್ತೆ."

"ಶತ್ರುಗೂನಾ?"

"ಹೂಂ. ಅದು ಪಂಕ್ತಿಭೇದ ಮಾಡಲ್ಲ."

ಈ ಆಟ ಮಾಡಿದ ಪುಣ್ಯಾತ್ಮರ ಮನೆಯಲ್ಲಿ ಯಾರೋ ಹಿರಿಯರು ಇದ್ದಿರಬೇಕು ಅಂದುಕೊಂಡೆ.

"ಮತ್ತೆ ಈ ಗುಂಡಿ ಒತ್ತಿದ್ರೆ ನಿನಗೇ ನೀನು ಹಾಕ್ಕೋಬಹುದು. ಮರೀಬೇಡ."

"ಥೂ! ಬಡಿಸೋಳು ಮೊದಲು ತಾನೇ ಬಡಿಸ್ಕೊಂಡು ಕೂರ್ತಾಳೇನೇ?" ಎಂದೆ. ಆ ಗುಂಡಿಯನ್ನು ನಾನು ಮುಟ್ಟಲೇ ಇಲ್ಲ.

ಅಲ್ಲಿಂದ ನನ್ನ ದಿಗ್ವಿಜಯ ಶುರುವಾಯಿತು. ಬೇಳೆ ಕುಕ್ಕರಿಗಿಟ್ಟು ಒಂದು ಯುದ್ಧ, ಕುಕ್ಕರ್ ತಣ್ಣಗಾಗುವಷ್ಟರಲ್ಲಿ ಇನ್ನೊಂದು. ನಮ್ಮವರು ಸಂಜೆ ವಾಕಿಂಗ್ ಹೋದಾಗ ಅವರ ಜಾಗಕ್ಕೆ ಹೊಸಹಳ್ಳಿಯ ಮುತ್ತುರಾಜ ಅನ್ನುವ ಹುಡುಗ ಆಟದೊಳಗೆ ಬರತೊಡಗಿದ. ಮೊದಲ ದಿನ ಮೈಕಿನಲ್ಲಿ, "ಮಗಾ, ಹೀಲ್ ಹಾಕು ಮಗಾ!" ಎಂದು ಕಿರುಚಿದ.

"ನಾನು ಮಗ ಅಲ್ಲಪ್ಪಾ, ನಿಮ್ಮಮ್ಮನ ವಯಸ್ಸಿನವಳು," ಅಂದೆ.

ಆ ಕಡೆಯಿಂದ ಮೆಲ್ಲಗೆ, "ಸಾರಿ ಆಂಟಿ. ಸ್ವಲ್ಪ ಹೀಲ್ ಹಾಕಿ ಆಂಟಿ."

"ಹಾಕ್ತೀನಿ. ನೀನೊಬ್ಬನೇ ಮುಂದೆ ಮುಂದೆ ಓಡಬೇಡ. ಎಲ್ಲರ ಜೊತೆ ಸಾಲಾಗಿ ಬಾ, ನನ್ನ ಸೌಟು ಎಟುಕಬೇಕಲ್ಲ."

ಅವತ್ತು ಗೆದ್ದೆವು. "ಗುರು, ಈ ಆಂಟಿ ಇದ್ರೆ ಸಾಯೋಕೇ ಆಗಲ್ಲ!" ಅಂದ ಮುತ್ತುರಾಜ. ಈ ಸರ್ಟಿಫಿಕೇಟನ್ನು ನಾನು ನಮ್ಮವರಿಗೆ ಊಟದ ಹೊತ್ತಿನಲ್ಲಿ ಓದಿ ಹೇಳಿದೆ, ತಿಂಡಿ ಹೊತ್ತಿನಲ್ಲೂ ಹೇಳಿದೆ.

ಹೀಗಿರುವಾಗ ಒಂದು ಸಂಜೆ ಕಮಲಾಕ್ಷಮ್ಮ ತುರಿಯೋಮಣೆ ಕೇಳಲು ಕೆಳಗೆ ಬಂದರು. ನಾನು ಸೋಫಾ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ರಣರಂಗದಲ್ಲಿದ್ದೆ. ಅವರು ಬಾಗಿಲಲ್ಲೇ ನಿಂತು ನೋಡಿದರು.

"ಅಯ್ಯ ಶಿವನ! ಇದು ನಮ್ಮ ವಚನಾ ಆಡೋ ಆಟ ಅಲ್ಲೇನ್ರಿ?" ವಚನಾ ಅವರ ಮಗಳು. "ನಮ್ಮನ್ಯಾಗೂ ಮೂರೂ ಮಂದಿ ಆಡ್ತೀವ್ರಿ ಅಕ್ಕಾರ. ನಮ್ಮ ಯಜಮಾನ್ರು ಬಿಲ್ಲು, ವಚನಾ ನಿಮ್ಮಂಗ ಜೀವಾ ತುಂಬಾಕಿ. ನಾ ಕೊಡ್ಲಿ."

ಇಷ್ಟು ದಿನ ಮಹಡಿಯಿಂದ ಧಡಧಡ ಸದ್ದು ಬಂದಾಗಲೆಲ್ಲ ಖಾರ ಕುಟ್ಟುತ್ತಿದ್ದಾರೆ ಅಂದುಕೊಂಡಿದ್ದೆ!

"ಹಂಗಾದ್ರ ಒಂದು ಕೈ ನೋಡೇಬಿಡೋಣ್ರಿ," ಎಂದರು ಕಮಲಾಕ್ಷಮ್ಮ ಸೆರಗು ಬಿಗಿದು. "ಸೋತವರ ಮನ್ಯಾಗ ಹೋಳಿಗಿ ಊಟ. ಗೆದ್ದವರು ಎಲಿ ಮುಂದ ಕುಂದ್ರೂದು, ಸೋತವರು ಬಿಸಿಬಿಸಿ ಬಡಸೂದು."

ಕೇಳಿದಿರಾ? ಗೆದ್ದರೆ ನಾನು ಕೂರುವುದು! ಕಮಲಾಕ್ಷಮ್ಮ ಬಡಿಸುವುದು! ಕಾವಲಿಯಿಂದ ಎಲೆಗೆ! ಅದೂ ಗದಗಿನ ಕೈಯಲ್ಲಿ, ನಾಕು ನಾಕು! ನನಗೆ ಆಗಲೇ ತುಪ್ಪದ ವಾಸನೆ ಮೂಗಿಗೆ ಬಡಿಯಿತು. "ಆಗಲಿ," ಅಂದೆ. ತುರಿಯೋಮಣೆ ಕೊಡುವುದನ್ನೇ ಮರೆತೆ.

ಮುಂದಿನ ಭಾನುವಾರ ಸಂಜೆ ಮಹಾಸಮರ. ಅವರು ಮೇಲೆ ಅವರ ಟೀವಿ ಮುಂದೆ, ನಾವು ಕೆಳಗೆ ನಮ್ಮ ಟೀವಿ ಮುಂದೆ. ಮೈಕಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿತ್ತು. (ಮೈಕ್ ಇಲ್ಲದಿದ್ದರೂ ಕಮಲಾಕ್ಷಮ್ಮನವರ ಮಾತು ಕೇಳಿಸುತ್ತಿತ್ತು.) ನಾನು ದೇವರಿಗೆ ದೀಪ ಹಚ್ಚಿ, ಕಂಟ್ರೋಲರಿಗೂ ಒಂದು ಬೊಟ್ಟು ಕುಂಕುಮ ಇಟ್ಟು ಕೂತೆ.

ಮೊದಲ ಆಟ ನಮ್ಮದು, ಎರಡನೆಯದು ಅವರದು. ಮೂರನೆಯದೇ ನಿರ್ಣಾಯಕ. ನಮ್ಮವರು ಆರಂಭದಲ್ಲೇ ಮೂಲೆಯಲ್ಲಿ ಹೊಳೆಯುತ್ತಿದ್ದ ಯಾವುದೋ ಪೆಟ್ಟಿಗೆಯ ಆಸೆಗೆ ಒಬ್ಬರೇ ಓಡಿದರು.

"ರೀ, ಹೋಗ್ಬೇಡಿ, ಎಟುಕಲ್ಲ!"

"ಏನೋ ಫ್ರೀ ಇದೆ ಕಣೇ," ಅಂದರು. ಮೇಲಿನ ಮನೆಯ ಯಜಮಾನರಾದ ಶಿವಬಸಪ್ಪನವರ ಬಾಣ ಬಂತು, ನಮ್ಮವರು ಮಲಗಿದರು. ಸೀರೆ ಅಂಗಡಿಯ ರಿಯಾಯಿತಿ ಬೋರ್ಡಿನ ಮುಂದೆ ನಿಂತರೆ ನನ್ನನ್ನು ಎಳೆದುಕೊಂಡು ಬರುವ ಮನುಷ್ಯ ಇವರೇ ನೋಡಿ.

ಆದರೆ ದೀಪ್ತಿ ನನ್ನ ಮಗಳು. ನಾನು ಹಾಕುತ್ತಾ ಹೋದೆ, ಅವಳು ಹೊಡೆಯುತ್ತಾ ಹೋದಳು. ಶಿವಬಸಪ್ಪನವರು ಬಿದ್ದರು. ವಚನಾ ಬಿದ್ದಳು. ಉಳಿದದ್ದು ಕಮಲಾಕ್ಷಮ್ಮ ಒಬ್ಬರೇ! ಅವರು ಕೊಡಲಿ ಊರಿಕೊಂಡು ನನ್ನೆದುರಿಗೇ ಗೋಡೆ ಪಕ್ಕ ಮಂಡಿಯೂರಿದ್ದರು. ಅವರ ಗೆರೆ ಕರಗಿ ಕರಗಿ, ಎಲೆ ತುದಿಯಲ್ಲಿ ಉಳಿದ ಉಪ್ಪಿನಷ್ಟಾಗಿತ್ತು. ದೀಪ್ತಿ ಕೊನೆಯ ಏಟಿಗೆ ಕತ್ತಿ ಎತ್ತಿ ಓಡಿ ಬರುತ್ತಿದ್ದಳು. ಬಿಸಿ ಒಬ್ಬಟ್ಟು ಇನ್ನು ಒಂದೇ ಏಟಿನ ದೂರ!

ಆಗ ಟೀವಿಯಿಂದ ಕಮಲಾಕ್ಷಮ್ಮನವರ ದನಿ ಬಂತು.

"ಸಾಕ್ರಿ ಅಕ್ಕಾರ! ಸಾಕು ಸಾಕು! ಇನ್ನ ಆಗೂದಿಲ್ರಿ ನನ್ನ ಕೈಲೆ!"

ಆಣೆ ಮಾಡಿ ಹೇಳುತ್ತೇನೆ, ಆಮೇಲೆ ನಡೆದದ್ದಕ್ಕೂ ನನ್ನ ಬುದ್ಧಿಗೂ ಸಂಬಂಧವಿಲ್ಲ. ಎದುರಿಗೆ ಖಾಲಿ ಎಲೆ, ಕಿವಿಗೆ "ಸಾಕು ಸಾಕು". ನನ್ನ ಬಾಯಿ ತಾನಾಗಿ, "ಅಯ್ಯೋ, ಅದೇನ್ರೀ ಸಾಕು? ಇನ್ನೊಂಚೂರು ಹಾಕ್ಕೊಳ್ಳಿ!" ಎಂದಿತು. ಬೆರಳು ತಾನಾಗಿ ಅಮೃತದ ಕೊಡ ಬಗ್ಗಿಸಿತು.

"ಅಮ್ಮಾಆಆ!" ಎಂದು ದೀಪ್ತಿ ಕೂಗಿದಳು. ಗೋಡೆ ಪಕ್ಕದ ನೆಲವೆಲ್ಲ ಹಸಿರಾಯಿತು. ಕಮಲಾಕ್ಷಮ್ಮ ಝಗ್ಗನೆ ಎದ್ದು ನಿಂತರು, ಗೆರೆ ಈ ಕಿವಿಯಿಂದ ಆ ಕಿವಿವರೆಗೆ! ಆಮೇಲೆ ಕೊಡಲಿ ಬೀಸಿದರು. ಏಟು ತಿಂದು ಗೆರೆ ಕೆಂಪಾಗಿದ್ದ ದೀಪ್ತಿ ಹಸಿರು ಮುಟ್ಟುವ ಮೊದಲೇ ಹೋದಳು. ಕೊಡ ಬರಿದು, ನಾನೊಬ್ಬಳೇ.

"ನಿನಗಾದ್ರೂ ಹಾಕ್ಕೋ ಅಮ್ಮ! ಆ ಗುಂಡಿ ಒತ್ತು!"

ಯಾವ ಗುಂಡಿ? ಒಂದು ದಿನವೂ ಮುಟ್ಟದ ಗುಂಡಿ ಆ ಹೊತ್ತಿನಲ್ಲಿ ಎಲ್ಲಿ ಸಿಗುತ್ತದೆ? ಹುಡುಕುತ್ತಿರುವಾಗಲೇ ಕೊಡಲಿ ಬಂತು. ಮಹಡಿ ಮೇಲೆ ಮೂರು ಜನ ಕುಣಿದ ಸದ್ದಿಗೆ ನಮ್ಮ ಫ್ಯಾನು ಅಲುಗಾಡಿತು.

ಹೀಗೆ, ಮಾತಿನಂತೆ, ಅದರ ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಒಬ್ಬಟ್ಟಿನ ಊಟ. ಮೇಲಿನವರು ಮೂವರೂ ಎಲೆ ಮುಂದೆ ಕೂತರು. ದೀಪ್ತಿಯೂ ನಮ್ಮವರೂ ಅವರ ಸಾಲಿನಲ್ಲೇ ಕೂತರು. (ಸೋತವರು ಬಡಿಸಬೇಕು ಅನ್ನುವ ಷರತ್ತು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಅನ್ವಯ.) ನಾನು ಹಟ ಹಿಡಿದು ನಾಕು ನಾಕು ಹಾಕಿದೆ, ತುಪ್ಪ ಸುರಿದೆ. ಶಿವಬಸಪ್ಪನವರು ಎಲೆಗೆ ಕೈ ಅಡ್ಡ ಹಿಡಿದರೆ ಆ ಕೈ ಮೇಲೇ ಒಂದು ಹಾಕಿದೆ.

ಕಮಲಾಕ್ಷಮ್ಮ ಉಣ್ಣುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಅಕ್ಕಾರ, ನಾ ಅಂದದ್ದು ತಪ್ಪಾತ್ರಿ. ವೈರಿಗೂ ಜೀವಾ ಬಡಿಸಿದ ಕೈ ಅದು. ಅಂಥಾ ದೊಡ್ಡ ಕೈ ನಮ್ಮ ಗದಗಿನ ಕಡೆನೂ ನಾ ಕಂಡಿಲ್ಲ."

ಪಂಕ್ತಿಯೆಲ್ಲ ಚಪ್ಪಾಳೆ ತಟ್ಟಿತು. ನನ್ನ ಕಣ್ಣು ತುಂಬಿ ಬಂತು. ಸೋತರೂ ಗೆದ್ದೆನಲ್ಲ ಅಂದುಕೊಂಡೆ. ಕಮಲಾಕ್ಷಮ್ಮ ಅಷ್ಟಕ್ಕೇ ಬಿಡಲಿಲ್ಲ. ಕೈ ತೊಳೆದು ನನ್ನ ಹಿಂದೆಯೇ ಅಡುಗೆಮನೆಗೆ ಬಂದು ನನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡರು.

"ಹೂರಣ ಇನ್ನ ಒಂದು ಹೋಳಿಗಿಗೆ ಆಗೂವಷ್ಟ ಐತಿ. ನಾ ಬೇಯಿಸ್ತೀನಿ. ನೀವು ಹೋಗಿ ಕುಂದ್ರಿ. ಇವತ್ತ ನಿಮಗ ನಿಮ್ಮ ಯಜಮಾನ್ರ ಬಡಸ್ಲಿ!"

ಕೂತೆ! ನನ್ನ ಮುಂದೆ ನನ್ನದೇ ಒಂದು ಎಲೆ! ಅಡುಗೆಮನೆಯಲ್ಲಿ ಕಾವಲಿ ಚುಂಯ್ ಅಂದಿತು. ನಮ್ಮವರು ಪಂಚೆ ಮೇಲೆ ಕಟ್ಟಿ, ತಟ್ಟೆಯಲ್ಲಿ ಉಬ್ಬಿದ, ಹೊಂಬಣ್ಣದ, ಹೊಗೆಯಾಡುವ ಒಬ್ಬಟ್ಟನ್ನು ಹಿಡಿದು ನನ್ನ ಕಡೆಗೇ ಬಂದರು. ಅಷ್ಟು ವರ್ಷದಿಂದ ಕಾದ ಒಬ್ಬಟ್ಟು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಗಬಕ್ಕನೆ ಕೈ ಚಾಚಲಿಕ್ಕಾಗುತ್ತದೆಯೇ? ಮರ್ಯಾದೆ ಅಂತ ಒಂದಿದೆಯಲ್ಲ. ಎರಡೂ ಕೈ ಎಲೆಗೆ ಅಡ್ಡ ಹಿಡಿದೆ.

"ಅಯ್ಯೋ, ನನಗ್ಯಾಕೆ ಬಿಡಿ. ಸಾಕು ಸಾಕು."

"ಸಾಕಾ? ಸರಿ ಬಿಡು," ಅಂದರು ನಮ್ಮವರು. ಮುಂದಕ್ಕೆ ಹೋಗಿ ತಮ್ಮ ಎಲೆ ಮುಂದೆ ಕೂತು, ಅದನ್ನು ತುಪ್ಪದಲ್ಲಿ ಅದ್ದಿದರು.