ಜೋಯಿಸರ ಮದರ್‌ಬೋರ್ಡು

ಚಾಮರಾಜಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬರುವವರೆಲ್ಲ ಹೇಳುವುದು ಒಂದೇ ಮಾತು: "ನಾನೇನೂ ಮಾಡ್ಲಿಲ್ಲ, ತಾನಾಗೇ ಹೋಯ್ತು." ಇದು ದಿನಾ ಇದ್ದದ್ದೇ. ಗವಿಪುರದ ಜೋಯಿಸರ ಮನೆಯಲ್ಲಿ ಮಾತ್ರ ಯಾರೂ ಹಾಗೆ ಹೇಳಿದ್ದಿಲ್ಲ. ಅಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣವಿರುತ್ತದೆ.

೧. ಮೂರು ಕೂಗು

ಜೋಯಿಸರ ಫೋನು. "ಕಂಪ್ಯೂಟರ್ ಆನ್ ಮಾಡಿದ್ರೆ ಪರದೆ ಕಪ್ಪಗೇ ಇರುತ್ತೆ. ಮೂರು ಸಲ ಕೂಗುತ್ತೆ. ಸದ್ದು ಬಂದ ದಿಕ್ಕು ಒಳ್ಳೇದೇ ಇತ್ತು, ಅದಕ್ಕೇ ಎರಡು ದಿನ ಸುಮ್ಮನಿದ್ದೆ."

ಅದು ಹಲ್ಲಿಯ ಶಕುನವಲ್ಲ. ಕಂಪ್ಯೂಟರಿನ ನೆನಪಿನ ಪಟ್ಟಿ, ಅಂದರೆ ರ‍್ಯಾಮ್, ಕೈಕೊಟ್ಟಿದೆ ಎಂಬ ದೂರು. ಹೋಗಿ ಡಬ್ಬ ಬಿಚ್ಚಿದೆ. ರ‍್ಯಾಮಿನ ಸಂದಿಯಲ್ಲಿ ಅರಿಶಿನ, ಕುಂಕುಮ, ನಾಲ್ಕು ಕಾಳು ಅಕ್ಷತೆ. ಆಯುಧಪೂಜೆ ಆಗಷ್ಟೇ ಮುಗಿದಿತ್ತು. ಪಟ್ಟಿ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಕೂರಿಸಿದೆ. ಪರದೆ ಬೆಳಗಿತು.

"ಅಮ್ಮಾ, ಮುಂದಿನ ವರ್ಷ ಕುಂಕುಮ ಹೊರಗಡೆ ಇಡಿ" ಎಂದೆ ಜೋಯಿಸರ ಹೆಂಡತಿಗೆ.

"ಹೊರಗಿರೋದು ಬರೀ ಡಬ್ಬ ಅಲ್ವೇನಪ್ಪ? ದುಡಿಯೋನು ಒಳಗಿದಾನೆ. ಪೂಜೆ ಯಾರಿಗೆ ಮಾಡ್ಬೇಕು?"

೨. ಏಕಾದಶಿ

ಮದರ್‌ಬೋರ್ಡಿನ ಮೇಲೆ ಒಂದು ಬಟನ್ ಸೆಲ್ ಇರುತ್ತದೆ. ಅದು ಸತ್ತರೆ ಕಂಪ್ಯೂಟರ್ ತಾರೀಖು ಮರೆಯುತ್ತದೆ. ಜೋಯಿಸರದ್ದು ಹತ್ತು ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಅದರೊಳಗಿನ ಪಂಚಾಂಗದಲ್ಲಿ ಬಂದ ತಿಥಿಯನ್ನು ಅವರು ದಿನಾ ಬೆಳಿಗ್ಗೆ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು.

"ಇಸವಿ ನೋಡ್ಲಿಲ್ವಾ ಸ್ವಾಮಿ?"

"ತಿಥಿಗೂ ಇಸವಿಗೂ ಏನ್ರೀ ಸಂಬಂಧ ಅಂದ್ಕೊಂಡೆ. ಇವತ್ತು ಏಕಾದಶಿ ಅಂತ ಹಾಕ್ಬಿಟ್ಟೆ. ಹೋಗ್ಲಿ ಬಿಡಿ, ಉಪವಾಸದಿಂದ ಯಾರಿಗೂ ಕೆಡುಕಿಲ್ಲ."

ಸೆಲ್ ಬದಲಾಯಿಸಿ, ಹಸಿದುಕೊಂಡು ಮನೆಗೆ ಬಂದೆ. ಒಲೆ ಹಚ್ಚಿರಲಿಲ್ಲ. ನನ್ನ ಹೆಂಡತಿಯೂ ಆ ಗುಂಪಿನಲ್ಲಿದ್ದಾಳೆಂದು ಅವತ್ತೇ ಗೊತ್ತಾಗಿದ್ದು.

೩. ಹನ್ನೊಂದು

ಜೋಯಿಸರ ಮಗಳು ತನ್ನ ಆಫೀಸಿನ ಹುಡುಗನನ್ನೇ ಮೆಚ್ಚಿದ್ದಳು. ಅಪ್ಪನದ್ದು ಒಂದೇ ಷರತ್ತು: ಸಾಲಾವಳಿಯಲ್ಲಿ ಮೂವತ್ತಾರಕ್ಕೆ ಹದಿನೆಂಟು ಗುಣವಾದರೂ ಕೂಡಬೇಕು. ಹುಡುಗನ ಮನೆಯವರು ನಾಲ್ಕು ಗಂಟೆಗೆ ಬರುವವರು. ಅವರೆದುರೇ ಜಾತಕ ನೋಡುವುದೆಂದು ಮಾತಾಗಿತ್ತು.

"ಕೈಯಲ್ಲೇ ಲೆಕ್ಕ ಹಾಕ್ಬಹುದಲ್ಲಾ?" ಎಂದೆ.

"ಬೇಡಪ್ಪ. ಮಗಳು ಅನ್ನೋ ಮೋಹ ನನಗಿರುತ್ತೆ, ಕಂಪ್ಯೂಟರ್‌ಗೆ ಇರಲ್ಲ."

ಅದು ಆಗಾಗ ನಿಂತುಬಿಡುತ್ತಿತ್ತು, ಹೊಸ ರ‍್ಯಾಮ್ ಹಾಕಿದೆ. ಹಳೇ ಬೋರ್ಡು ಅದನ್ನು ಗುರುತಿಸಲಿಲ್ಲ. ಬೋರ್ಡಿಗೆ ಬುದ್ಧಿ ಹೇಳುವ ಬಯಾಸ್ ಎಂಬ ತಂತ್ರಾಂಶವನ್ನು ಹೊಸದು ಮಾಡಬೇಕಿತ್ತು. ನಡುವೆ ಕರೆಂಟು ಹೋದರೆ ಬೋರ್ಡು ಸತ್ತಂತೆಯೇ. ರಾಹುಕಾಲ ಕಳೆಯಲಿ ಎಂದು ಜೋಯಿಸರು ನನ್ನನ್ನು ಮೂರು ಗಂಟೆಯವರೆಗೆ ಕೂರಿಸಿದರು. "ಯಾರೂ ಸ್ವಿಚ್ ಮುಟ್ಬೇಡಿ" ಎಂದು ಮನೆಮಂದಿಗೆಲ್ಲ ಸಾರಿ ಹೇಳಿ ಶುರುಮಾಡಿದೆ. ಅರ್ಧ ಮುಗಿದಿತ್ತು, ಪರದೆ ಆರಿತು. ತಿರುಗಿದರೆ ಪ್ಲಗ್ಗು ಮಗಳ ಕೈಯಲ್ಲಿ.

"ಸೀರೆ ಇಸ್ತ್ರಿ ಮಾಡ್ಬೇಕಿತ್ತು" ಎಂದಳು.

ಬೋರ್ಡಿಗೆ ಜೀವವಿಲ್ಲ, ಕೂಗೂ ಇಲ್ಲ. ಗೊತ್ತಿದ್ದುದನ್ನೆಲ್ಲ ಮಾಡಿ ನೋಡಿದೆ. ಅಷ್ಟರಲ್ಲಿ ಹುಡುಗನ ಕಡೆಯವರು ಬಂದರು. ಜೋಯಿಸರು ಬೇರೆ ದಾರಿಯಿಲ್ಲದೆ ಕನ್ನಡಕ ಹಾಕಿ, ಪಂಚಾಂಗ ಬಿಡಿಸಿ, ಬೆರಳು ಮಡಿಸಿ ಎಣಿಸಿದರು. ತುಂಬಾ ಹೊತ್ತು ಎಣಿಸಿದರು. ಕೊನೆಗೆ, "ಇಪ್ಪತ್ತೇಳು" ಎಂದರು. ಎಲ್ಲರಿಗೂ ಕೇಸರಿಬಾತ್ ಬಂತು.

ಸತ್ತ ಕಂಪ್ಯೂಟರನ್ನು ಹೊತ್ತು ಹೊರಟಾಗ ಮಗಳು ಗೇಟಿನ ತನಕ ಬಂದಳು. "ಅಂಕಲ್, ಮದುವೆ ಮುಗಿಯೋವರ್ಗೂ ಇದು ನಿಮ್ಮ ಹತ್ರಾನೇ ಇರ್ಲಿ. ನಿನ್ನೆ ಅಪ್ಪ ಇಲ್ಲದಾಗ ನಾನೇ ಇಬ್ಬರ ಜಾತಕ ಹಾಕಿ ನೋಡಿದ್ದೆ. ಹನ್ನೊಂದೇ ಬಂತು."

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಜೋಯಿಸರೇ ಬಂದು ನಿಂತಿದ್ದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅವಸರ ಏನಿಲ್ಲ, ನಿಧಾನಕ್ಕೆ ಮಾಡಿ. ಮದುವೆ ಒಂದು ಮುಗೀಲಿ. ನಿನ್ನೆ ಮೂರು ಸಲ ಎಣಿಸ್ದೆ ಕಣಪ್ಪ, ಮೂರು ಸಲಾನೂ ಹನ್ನೊಂದೇ."