ಗಾಳಿ ಹೊಕ್ಕ ಕಾರು

ಮೊಮ್ಮಗಳು ಮನೆಗೆ ಬಂದಳು! ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಬೆಣ್ಣೆಮುದ್ದೆಯಂಥ ಕೂಸು ಇವತ್ತು ಮಧ್ಯಾಹ್ನ ತಾಯಿಯ ತವರಾದ ಇಟ್ಟಿಗಿಯಿಂದ ಬಂದು ಕೊಟ್ಟೂರಿನ ನಮ್ಮ ಮನೆಯ ಹೊಸ್ತಿಲು ದಾಟಿತು. ಬಂದದ್ದು ನಮ್ಮ ಯಜಮಾನರ ಕಾರಿನಲ್ಲಿ. ನಮ್ಮ ಓಣಿಯವರು ಇಷ್ಟು ಕೇಳಿದರೆ ಸಾಕು, ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

ವಯಸ್ಸಾದವರಿಗೆ ತೀರ್ಥಯಾತ್ರೆಯ ಆಸೆ ಬರುತ್ತದಂತೆ. ನಮ್ಮವರಿಗೆ ಹಳೆಯ ವಿಲಾಯಿತಿ ಕಾರಿನ ಆಸೆ ಬಂತು. ಹರಪನಹಳ್ಳಿಯ ಯಾವುದೋ ಪಾಳು ವಾಡೆಯ ಹಿಂದೆ ನಿಂತದ್ದನ್ನು ಎಳೆಸಿಕೊಂಡು ಬಂದರು. ಅದಕ್ಕೆ ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಬ್ರೇಕಿನಿಂದ ಕಾಲು ತೆಗೆದರೆ ಯಾರೋ ಕೈಹಿಡಿದು ಕರೆದಂತೆ ಮೆಲ್ಲಗೆ ಮುಂದೆ ಸರಿಯುತ್ತದೆ. ಮೊದಲ ಸಲ ನೋಡಿದಾಗ ಕೇಳಿದೆ, "ಏನ್ರೀ, ಇದರಾಗ ಮತ್ಯಾರರ ಅದಾರೇನು?"

"ನಾ ಅದೀನಲ್ಲ!"

"ನೀವು ಕಾಲು ಮ್ಯಾಲೆತ್ತಿ ಕುಂತೀರಿ. ಮತ್ತ ತುಳಿಯಾಕತ್ತೋರು ಯಾರು?"

ಅವರು ಪೋಂ ಎಂದು ಹಾರನ್ ಒತ್ತಿದರು. ಮದುವೆಯಾದಾಗಿನಿಂದ ಅವರು ಉತ್ತರ ಕೊಡದ ಪ್ರಶ್ನೆಗಳಿಗೆ ಇದೂ ಒಂದು ಸೇರಿತು.

ಆ ಗೇರು ಕುಡಿಯುವ ಎಣ್ಣೆ ಕೆಂಪಗಿರುತ್ತದೆ, ಎಳೆಯ ರಕ್ತದ ಹಾಗೆ. ಯಜಮಾನರು ಹೊಯ್ಯುತ್ತಲೇ ಇದ್ದರು, ಅದು ಕುಡಿಯುತ್ತಲೇ ಇತ್ತು. ಎಲ್ಲಿಯೋ ಸೋರುತ್ತಿದೆ ಎಂದರೆ, ಅಂಗಳ ಸಾರಿಸಿ ರಂಗೋಲಿ ಹಾಕುವವಳು ನಾನು. ಕಾರಿನ ಕೆಳಗೆ ಒಂದು ಹನಿಯೂ ಇಲ್ಲ. ಹೋದ ಎಣ್ಣೆ ಎಲ್ಲಿಗೆ ಹೋಯಿತು? ಒಂದು ಸಂಜೆ ತಂಬ್ರಹಳ್ಳಿಯಿಂದ ಬರುವಾಗ ಕಾರು ಗೇರು ಬದಲಿಸದೆ ಉದ್ದಕ್ಕೆ ಗೋಳಿಟ್ಟಿತು. ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಧಡಕ್ಕನೆ ಜಿಗಿಯಿತು. ತಿರುಗಿ ನೋಡಿದರೆ ದಾರಿಯೇ ಇಲ್ಲ, ಬರೀ ಬಿಳಿ ಹೊಗೆ. ಹೊಗೆಯೊಳಗಿಂದ ಕುರಿಗಳ ದನಿ ಕೇಳುತ್ತಿತ್ತು, ಕುರಿ ಮಾತ್ರ ಕಾಣಲಿಲ್ಲ. ಹೊಗೆ ಸರಿದಾಗ ಕುರಿ ಕಾಯುವವನು ಕಂಬಳಿ ಹೊದ್ದು ನಿಂತಿದ್ದ. ಅವನು ನಮ್ಮನ್ನು ನೋಡುತ್ತಿರಲಿಲ್ಲ. ನಮ್ಮ ಖಾಲಿ ಹಿಂದಿನ ಸೀಟನ್ನು ನೋಡುತ್ತಿದ್ದ.

ಮರುದಿನ ಉಪ್ಪು, ಮೆಣಸಿನಕಾಯಿ ಇಳಿಸಿ ಕಾರಿಗೆ ದೃಷ್ಟಿ ತೆಗೆದೆ. ಕಾರಿನ ಹೊಗೆಯ ಮುಂದೆ ಮೆಣಸಿನಕಾಯಿಯ ಹೊಗೆ ನಾಚಿಕೊಂಡಿತು.

ಕೊನೆಗೆ ಹಗರಿಬೊಮ್ಮನಹಳ್ಳಿಯಿಂದ ಮೆಕ್ಯಾನಿಕ್ ಮೌಲಾಸಾಬ ಬಂದ. ಮಾತಿನ ಮಲ್ಲ. ಕಾರಿನ ಕೆಳಗೆ ಹೊಕ್ಕು ಹೊರಬಂದವನೇ, "ಅಮ್ಮಾರ, ಇದೆಲ್ಲ ಗಾಳಿ ಆಟ ರೀ," ಎಂದ. ನಮ್ಮ ಕಡೆ ಗಾಳಿ ಎಂದರೆ ದೆವ್ವ ಎಂದು ಬಿಡಿಸಿ ಹೇಳಬೇಕೆ? ರೋಗವಾದರೂ ತಿಳಿಯಿತಲ್ಲ ಎಂಬ ಸಂತೋಷಕ್ಕೆ ಓಡಿಹೋಗಿ ಇಟ್ಟಿಗಿಯ ಬೀಗತಿ ಗಂಗಮ್ಮನಿಗೆ ಫೋನು ಮಾಡಿದೆ. ಮೂರನೆಯ ತರಗತಿಗೇ ಶಾಲೆ ಬಿಟ್ಟವಳಾದರೂ ಫೋನು ತಿರುಗಿಸುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ.

ಆ ಕಡೆಯಿಂದ ಗಂಗಮ್ಮನ ದನಿ ತಣ್ಣಗೆ ಬಂತು: "ಬೀಗರ, ಆ ಗಾಳಿ ಹೊಕ್ಕ ಕಾರು ನಿಮ್ಮ ಬಾಗಿಲ ಮುಂದ ಇರೋತನಕ ಕೂಸು ನಿಮ್ಮ ಹೊಸ್ತಿಲ ದಾಟಂಗಿಲ್ಲ."

ಫೋನು ಕೆಳಗಿಟ್ಟೆ. ತೊಟ್ಟಿಲು ಕಟ್ಟಿಯಾಗಿತ್ತು. ಅಂಗಳಕ್ಕೆ ಬಂದು ಅಳುತ್ತಾ ಮೌಲಾಸಾಬನನ್ನು ಬೈದೆ. ಅವನು ಹಣೆ ಚಚ್ಚಿಕೊಂಡ.

"ಅಯ್ಯೋ, ಆ ಗಾಳಿ ಅಲ್ರಿ! ಕೂಸು ಮೊಲಿ ಎಳದಂಗ ಎಂಜಿನ್ ಈ ಕೊಳವಿಯಿಂದ ಗಾಳಿ ಎಳೀತೈತಿ. ಆ ಎಳತ ನೋಡೇ ಯಾವಾಗ ಬದ್ಲಾಗ್ಬೇಕು ಅನ್ನೋದು ಗೇರಿಗೆ ತಿಳಿಯೋದು. ಇಲ್ಲೊಂದು ಡಬ್ಬಿ ಐತಿ, ಮಾಡ್ಯುಲೇಟರ್ ಅಂತಾರ. ಅದರಾಗಿನ ರಬ್ಬರ್ ಪರದಾ ಹರದೈತಿ. ಗಾಳಿ ಬದ್ಲಿ ಎಣ್ಣಿ ಎಳದು ಸುಡಾಕತ್ತೈತಿ. ನೋಡ್ರಿ ಬೇಕಾರ."

ಕೊಳವೆ ಕಿತ್ತ. ಒಣಗಿರಬೇಕಾದ ಅದರ ಬಾಯಿಂದ ಕೆಂಪು ಹನಿಗಳು ತೊಟ್ಟಿಕ್ಕಿದವು. ಕಾರಣ ತಿಳಿದಿದ್ದರೂ ನನ್ನ ಮೈಮೇಲೆ ಮುಳ್ಳೆದ್ದವು.

ಅಂಥದೇ ಇನ್ನೊಂದು ಡಬ್ಬಿಯನ್ನು ಯಜಮಾನರು ಎಲ್ಲಿಂದಲೋ ಹುಡುಕಿ ತಂದರು. ಮೌಲಾಸಾಬ ಅದರ ಮೂತಿಯನ್ನು ಬಾಯಲ್ಲಿಟ್ಟು ಎಳೆದು ನಾಲಿಗೆ ಒತ್ತಿ ಹಿಡಿದ. ಡಬ್ಬಿ ನಾಲಿಗೆಗೆ ಅಂಟಿಕೊಂಡು ನಿಂತಿತು. ಪರದೆ ಗಟ್ಟಿಯಿದ್ದರೆ ಹಾಗೆ ಹಿಡಿಯುತ್ತದಂತೆ. ನಾನೂ ನೋಡುತ್ತೇನೆಂದು ಎಳೆದೆ. ಕಾಣದ ಯಾವುದೋ ಬಾಯಿ ನನ್ನ ನಾಲಿಗೆಯನ್ನು ಕಚ್ಚಿ ಒಳಕ್ಕೆ ಜಗ್ಗಿತು.

"ಇರಲಿ ಬಿಡು ಮೌಲಾ, ಒಂದೀಟು ಹಂಗೇ ಇರಲಿ," ಎಂದರು ಯಜಮಾನರು. "ಮನಿಯಾಗ ಇಷ್ಟು ಶಾಂತಿ ನಾ ಯಾವತ್ತೂ ಕಂಡಿಲ್ಲ."

ಹಳೆಯದನ್ನು ಬಿಚ್ಚಿ ಅದನ್ನು ಕೂಡಿಸಿ, ಹೊಸ ಕೊಳವೆ ಸಿಕ್ಕಿಸಿ, ಎಣ್ಣೆ ತುಂಬಿದ್ದಾಯಿತು. ಒಳಗೆ ಉಳಿದದ್ದು ಸುಟ್ಟುಹೋಗುವ ತನಕ ಹೊಗೆ ಬಂತು, ಆಮೇಲೆ ನಿಂತಿತು. ಇವತ್ತು ಇಟ್ಟಿಗಿಗೆ ಹೋದಾಗ ಗಂಗಮ್ಮ ಸೆರಗು ಕಟ್ಟಿ, ಕಾರಿನ ಹಿಂದೆ ಬಗ್ಗಿ ಮೂಸಿದಳು. ನಾನು ಕೂಸು ಮೊಲೆ ಎಳೆಯುವ ಮಾತು ಹೇಳಿದೆ. ಐದು ಹೆತ್ತವಳಿಗೆ ಅದು ತಟ್ಟನೆ ತಿಳಿಯಿತು. "ಹಂಗಂದ್ರ ಗಾಳಿ ಗೀಳಿ ಏನಿಲ್ಲಲ್ಲ?" "ಏನೂ ಇಲ್ರಿ. ಅದೆಲ್ಲ ನಮ್ಮ ಭ್ರಮಿ," ಎಂದೆ ಗತ್ತಿನಿಂದ. ಕೂಸನ್ನು ಎತ್ತಿಕೊಂಡು ಮಗಳ ಜೊತೆ ತಾನೂ ಹತ್ತಿ ಕುಳಿತಳು. ಕಾರು ಒಮ್ಮೆಯೂ ಗೋಳಿಡಲಿಲ್ಲ.

ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು: ಯಜಮಾನರು, ಮಗ, ಸೊಸೆ, ಬೀಗತಿ, ನನ್ನ ತೊಡೆಯ ಮೇಲೆ ಕೂಸು. ಹೋಳಿಗೆ, ಕಟ್ಟಿನ ಸಾರು. ಗಂಗಮ್ಮ ಸುಮ್ಮನೆ ಕೇಳಿದಳು, "ಆ ಡಬ್ಬಿ ಹೊಸಾದೇನ್ರಿ, ಬೀಗರ?"

"ಹೊಸಾದು ಎಲ್ಲಿ ಸಿಗತೈತ್ರಿ!" ಯಜಮಾನರು ಉಬ್ಬಿಹೋದರು. "ಹಲವಾಗಲದಾಗ ಹೊಳಿ ದಂಡಿಗೆ ಇಂಥದ್ದಾ ಒಂದು ಕಾರು ನಿಂತಿತ್ತು. ಅದರ ಮಾಲಕ ಸ್ಟೇರಿಂಗ್ ಹಿಡದು ಕುಂತಲ್ಲೇ ತೀರಿಕೊಂಡಿದ್ನಂತ. ಅವತ್ತಿಂದ ಯಾರೂ ಮುಟ್ಟಿಲ್ಲ. ಡಬ್ಬಿ ಮಾತ್ರ ಏನು ಗಟ್ಟಿ ಅಂತೀರಿ!"

ಎಲ್ಲರ ತುತ್ತೂ ಕೈಯಲ್ಲೇ ನಿಂತಿತು.

"ನಾಳಿ ನಾ ಬಸ್ಸಿಗೇ ಹೋಕ್ಕೀನ್ರಿ," ಎಂದಳು ಗಂಗಮ್ಮ.

"ಅಯ್ಯ, ಎಲ್ಲಾ ಭ್ರಮಿ ರೀ! ಉಣ್ರಿ," ಎಂದು ನಾನು ಇನ್ನೊಂದು ಹೋಳಿಗೆ ಹಾಕಿದೆ.

"ಹಂಗಾರ ಬಸ್ ಸ್ಟ್ಯಾಂಡ್ ತನಕ ನೀನೂ ಕಾರಿನಾಗ ಬಾ, ಬೀಗರನ್ನ ಬಿಟ್ಟು ಬರೂಣು," ಎಂದರು ಯಜಮಾನರು ನನ್ನ ಕಡೆ ತಿರುಗಿ.

"ನಡಕೊಂತ ಹೋಕ್ಕೀವಿ ಬಿಡ್ರಿ," ಎಂದೆ. "ಉಂಡದ್ದು ಅರಗತೈತಿ."